ನೀರ ಮೇಲಣ ಸಂತೆ

ಸಂತೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನೆಲ. ಊರ ಹೊರಗಿನ ಬಯಲು, ಮರದ ನೆರಳು, ಗೋಣಿತಟ್ಟಿನ ಮೇಲೆ ಹರಡಿದ ಕಾಯಿಪಲ್ಲೆ, ತಕ್ಕಡಿಯ ಸದ್ದು, ಕೂಗಿ ಕರೆಯುವ ವ್ಯಾಪಾರಿಗಳು, ಇವಿಲ್ಲದ ಸಂತೆಯನ್ನು ನಾವು ಕಲ್ಪಿಸಿಕೊಳ್ಳಲಾರೆವು. ಆದರೆ ಕಾಲೂರಲು ಅಂಗೈಯಗಲ ನೆಲವೂ ಇಲ್ಲದ, ಕೊಳ್ಳುವವರೂ ಮಾರುವವರೂ ಅಲೆಗಳ ಮೇಲೆಯೇ ತೂಗಾಡುವ ಸಂತೆಯೊಂದು ಸುಮಾರು ನೂರು ವರ್ಷಗಳಿಂದ ನಡೆದುಬಂದಿದೆ. ಅದು ವಿಯೆಟ್ನಾಂ ದೇಶದ ದಕ್ಷಿಣ ಭಾಗದ ಕಾಯ್‌ರಂಗ್ ಎಂಬಲ್ಲಿಯ ತೇಲುವ ಸಂತೆ. ಇಂದು ಹೊರದೇಶಗಳ ಪ್ರವಾಸ ಮಧ್ಯಮವರ್ಗದ ಕುಟುಂಬಗಳಿಗೂ ಎಟುಕುವಂತಾಗಿದೆ. ಮಕ್ಕಳ ಒತ್ತಾಯಕ್ಕೆ ವಿಯೆಟ್ನಾಮಿಗೆ ಹೊರಡುವ ಹಿರಿಯರೂ ಇದ್ದಾರೆ. ಅಂಥವರು ಈ ಸಂತೆಯನ್ನು ಕೇವಲ ವಿನೋದವೆಂದು ನೋಡಿ ಬಾರದೆ ಅರಿತು ನೋಡಿ ಬರಲಿ ಎಂಬುದೇ ಈ ಬರಹದ ಉದ್ದೇಶ.

ನದಿಯೇ ಹೆದ್ದಾರಿಯಾದ ನಾಡು

ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ ಹುಟ್ಟುವ ಮೆಕಾಂಗ್ ನದಿಯು ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾಗಳನ್ನು ಹಾದು, ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಹರಿದು ವಿಯೆಟ್ನಾಮಿನಲ್ಲಿ ಕಡಲು ಸೇರುತ್ತದೆ. ಸೇರುವ ಮುನ್ನ ಅದು ತಿಯೆನ್ ಮತ್ತು ಹೌ ಎಂಬ ಎರಡು ಹಿರಿಯ ಕವಲುಗಳಾಗಿ, ಮತ್ತೆ ಹಲವು ಕಿರಿಯ ಕವಲುಗಳಾಗಿ ಒಡೆಯುತ್ತದೆ. ಆದ್ದರಿಂದಲೇ ಆ ನಾಡಿನವರು ಅದನ್ನು ಒಂಬತ್ತು ಡ್ರ್ಯಾಗನ್‌ಗಳ ನದಿ ಎಂದು ಕರೆಯುತ್ತಾರೆ. ಈ ಮುಖಜಭೂಮಿಯ ದೊಡ್ಡ ಪಟ್ಟಣ ಕಾನ್ ತೋ. ಹೌ ನದಿಗೆ ಬಂದು ಸೇರುವ ಕಾನ್ ತೋ ಹೊಳೆಯ ಮೇಲೆ ಕಾಯ್‌ರಂಗ್ ಸಂತೆ ನೆರೆಯುತ್ತದೆ.

ನೆಲದ ಮೇಲೆ ಸಂತೆ ಕಟ್ಟಲಾಗದ ಜನ ನೀರಿಗಿಳಿದರೆಂದು ತಿಳಿಯಬಾರದು. ಆ ನಾಡಿನಲ್ಲಿ ನೀರೇ ದಾರಿ. ತಗ್ಗಾದ ಕೆಸರುನೆಲದಲ್ಲಿ ರಸ್ತೆ ನಿಲ್ಲುವುದು ಕಷ್ಟ. ಕಾಲುವೆ ತೋಡಿದರೆ ಪಯಣವೂ ಆಯಿತು, ಗದ್ದೆಗೆ ನೀರೂ ಆಯಿತು. ಗುಯೆನ್ ಅರಸರ ಕಾಲದಲ್ಲಿ, 1819ರಿಂದ 1824ರವರೆಗೆ, ಸಾವಿರಾರು ಜನ ಕೈಯಿಂದಲೇ ತೋಡಿದ ವಿನ್ ತೆ ಕಾಲುವೆಯ ಉದ್ದ ಸುಮಾರು 90 ಕಿಲೋಮೀಟರು. ಆ ಕೆಲಸದಲ್ಲಿ ಪ್ರಾಣ ತೆತ್ತವರು ಅನೇಕರು. ಮುಂದೆ ಫ್ರೆಂಚರು ಯಂತ್ರಗಳಿಂದ ಮತ್ತಷ್ಟು ಕಾಲುವೆಗಳನ್ನು ತೋಡಿಸಿದರು. ಕಾಲುವೆಗಳು ಕೂಡುವೆಡೆಯಲ್ಲಿ ದೋಣಿಗಳು ತಂಗಿದವು. ತಂಗಿದೆಡೆಯಲ್ಲಿ ಕೊಡುಕೊಳ್ಳುವಿಕೆ ಮೊದಲಾಯಿತು. ತೇಲುವ ಸಂತೆಯ ಹುಟ್ಟು ಇಷ್ಟೇ ಸಹಜವಾದುದು.

ಈ ಜಲವ್ಯಾಪಾರದ ಬೇರು ಇನ್ನೂ ಆಳದಲ್ಲಿದೆ. ಇದೇ ಮುಖಜಭೂಮಿಯ ಓಕ್ ಇಯೊ ಎಂಬಲ್ಲಿ 1944ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞ ಲೂಯಿ ಮಾಲರೆ ಅವರು ಉತ್ಖನನ ನಡೆಸಿದಾಗ, ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ಸೇರಿದ ಕಾಲುವೆಗಳ ಪಟ್ಟಣವೊಂದು ಬೆಳಕಿಗೆ ಬಂದಿತು. ರೋಮ್ ಸಾಮ್ರಾಟ ಅಂಟೋನಿನಸ್ ಪಯಸನ ಮುದ್ರೆಯುಳ್ಳ ಚಿನ್ನದ ಪದಕ, ಬ್ರಾಹ್ಮೀ ಅಕ್ಷರಗಳ ಮುದ್ರಿಕೆಗಳು ಅಲ್ಲಿ ದೊರೆತವು. ಆ ಸಂಸ್ಕೃತಿಗೆ ಸೇರಿದ ನೆಲೆಗಳಲ್ಲಿ ವಿಷ್ಣುವಿನ ವಿಗ್ರಹಗಳೂ ಶಿವಲಿಂಗಗಳೂ ಸಿಕ್ಕಿವೆ. ನಮ್ಮ ನಾಡಿನಿಂದ ಕಡಲು ದಾಟಿದ ವರ್ತಕರ ಹಡಗುಗಳು ಸರಕಿನೊಡನೆ ಲಿಪಿಯನ್ನೂ ಆರಾಧನೆಯನ್ನೂ ಹೊತ್ತುಹೋಗಿದ್ದವು. ಆ ನೀರಿನ ಮೇಲೆ ದೋಣಿಯಲ್ಲಿ ಕುಳಿತಾಗ ನಮಗೆ ಅಪರಿಚಿತ ಭಾವ ಅಷ್ಟಾಗಿ ಉಂಟಾಗದಿದ್ದರೆ ಅದಕ್ಕೆ ಕಾರಣವಿಲ್ಲದಿಲ್ಲ.

ನಸುಕಿನ ಪಯಣ

ಸಂತೆಯನ್ನು ನೋಡಬೇಕೆನ್ನುವವರು ಹಿಂದಿನ ರಾತ್ರಿಯೇ ಕಾನ್ ತೋ ಪಟ್ಟಣದಲ್ಲಿ ತಂಗಿ, ನಸುಕಿನ ಐದು ಗಂಟೆಗೆಲ್ಲ ನಿನ್ ಕಿಯೂ ಘಟ್ಟದಲ್ಲಿ ದೋಣಿ ಹತ್ತಬೇಕು. ಅಲ್ಲಿಂದ ಕಾಯ್‌ರಂಗಿಗೆ ನೀರದಾರಿಯಲ್ಲಿ ಸುಮಾರು ಆರು ಕಿಲೋಮೀಟರು. ಯಂತ್ರದ ದೋಣಿಗೆ ಅರ್ಧ ಗಂಟೆಯ ಹಾದಿ. ಬಿಸಿಲೇರಿದ ಮೇಲೆ ಹೋದವರಿಗೆ ಕಾಣುವುದು ಉಳಿದ ದೋಣಿಗಳು ಮಾತ್ರ. ಮುಖ್ಯ ವ್ಯಾಪಾರವೆಲ್ಲ ಎಂಟು ಗಂಟೆಯೊಳಗೆ ಮುಗಿದಿರುತ್ತದೆ. ಹಣ್ಣು ಕಾಯಿಗಳು ಬಾಡುವ ಮುನ್ನ ಊರೂರಿನ ಅಂಗಡಿಗಳನ್ನು ಮುಟ್ಟಬೇಕಲ್ಲವೇ?

ಕತ್ತಲಿನ್ನೂ ಹರಿಯದ ಹೊತ್ತಿನಲ್ಲಿ ದೋಣಿ ದಡ ಬಿಡುತ್ತದೆ. ಮೊದಲು ಕಾಣುವುದು ದಡದ ಮನೆಗಳ ಹಿಂಬದಿ: ನೀರಿಗಿಳಿಯುವ ಮೆಟ್ಟಿಲು, ಕಂಬಗಳ ಮೇಲೆ ನಿಂತ ಅಡುಗೆಮನೆ, ಹೊಳೆಯಂಚಿನಲ್ಲಿ ಪಾತ್ರೆ ಬೆಳಗುವ ಗೃಹಿಣಿ. ಮೂಡಲು ಕೆಂಪಾಗುತ್ತಿದ್ದಂತೆ ದೂರದಲ್ಲಿ ದೋಣಿಗಳ ಸಾಲು ಕಾಣತೊಡಗುತ್ತದೆ. ಒಂದೊಂದರ ಮೂತಿಗೂ ಕೆಂಪು ಬಣ್ಣ, ಅದರ ಮೇಲೆ ಬರೆದ ಎರಡು ದೊಡ್ಡ ಕಣ್ಣುಗಳು. ಜಲದ ದುಷ್ಟಜಂತುಗಳನ್ನು ಬೆದರಿಸಲೆಂದೂ ದೋಣಿ ತನ್ನ ದಾರಿಯನ್ನು ತಾನೇ ಕಾಣಲೆಂದೂ ಈ ಕಣ್ಣುಗಳನ್ನು ಬರೆಯುತ್ತಾರಂತೆ.

ಕಾಯ್‌ರಂಗ್ ಮೂಲತಃ ಸಗಟು ಸಂತೆ. ತೋಟಗಳಿಂದ ರೈತರು ತರುವ ಕಲ್ಲಂಗಡಿ, ಅನಾನಸ್, ಗೆಣಸು, ಕುಂಬಳ, ಎಲೆಕೋಸುಗಳನ್ನು ದೊಡ್ಡ ದೋಣಿಯವರು ತುಂಬಿಕೊಳ್ಳುತ್ತಾರೆ. ಸರಕು ತೀರುವವರೆಗೆ ಹಲವು ದಿನ ಅಲ್ಲಿಯೇ ಲಂಗರು ಹಾಕಿರುತ್ತಾರೆ. ಚಿಕ್ಕ ದೋಣಿಗಳವರು ಬಂದು ಕೊಂಡು, ಕಿರುಗಾಲುವೆಗಳ ಒಳಗಿನ ಹಳ್ಳಿಗಳಿಗೆ ಒಯ್ಯುತ್ತಾರೆ. ಕಲ್ಲಂಗಡಿಗಳು ಒಂದು ದೋಣಿಯಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ಹಾರುತ್ತಿರುವಾಗಲೇ ಎಣಿಕೆಯೂ ನಡೆಯುತ್ತಿರುತ್ತದೆ.

ಈ ಎಣಿಕೆಯಲ್ಲೊಂದು ಸ್ವಾರಸ್ಯವಿದೆ. ಆ ಸೀಮೆಯಲ್ಲಿ ಹಣ್ಣಿನ ‘ಹತ್ತು’ ಎಂದರೆ ಹತ್ತೇ ಆಗಿರಬೇಕೆಂದಿಲ್ಲ. ಕೆಲವೆಡೆ ಹನ್ನೆರಡು, ಕೆಲವೆಡೆ ಹದಿನಾಲ್ಕು, ಹದಿನಾರೂ ಉಂಟು. ದಾರಿಯಲ್ಲಿ ಒಂದೆರಡು ಕೆಟ್ಟರೆ ಕೊಂಡವನಿಗೆ ನಷ್ಟವಾಗದಿರಲೆಂದು ಹೆಚ್ಚಿಗೆ ಕೊಡುವ ಪದ್ಧತಿ. ನಮ್ಮ ಸಂತೆಗಳ ‘ಕೊಸರು’ ಇದೇ ಅಲ್ಲವೇ? ಕೊಸರು ಕೇಳದೆ ತರಕಾರಿ ಕೊಳ್ಳದ ನಮ್ಮ ತಾಯಂದಿರಿಗೆ ಆ ನಾಡಿನ ವ್ಯಾಪಾರ ತಕ್ಷಣ ಅರ್ಥವಾದೀತು.

ಗಳದ ಭಾಷೆ

ಅಗಲವಾದ ಹೊಳೆ, ಯಂತ್ರಗಳ ಸದ್ದು. ಇಲ್ಲಿ ಕೂಗಿದರೆ ಕೇಳುವವರಾರು? ಅದಕ್ಕಾಗಿ ಪ್ರತಿ ದೋಣಿಯೂ ಒಂದು ಉದ್ದನೆಯ ಬಿದಿರುಗಳವನ್ನು ನೆಟ್ಟು, ತಾನು ಮಾರುವ ಪದಾರ್ಥವನ್ನೇ ಅದರ ತುದಿಗೆ ಕಟ್ಟುತ್ತದೆ. ಅನಾನಸ್ ತೂಗುತ್ತಿದ್ದರೆ ಅನಾನಸಿನ ದೋಣಿ. ಗೆಣಸು ತೂಗುತ್ತಿದ್ದರೆ ಗೆಣಸಿನದು. ಓದಲು ಬಾರದವನಿಗೂ ದೂರದಿಂದಲೇ ತಿಳಿಯುವ ಫಲಕವಿದು.

ಈ ಗಳದ ಭಾಷೆಗೆ ತನ್ನದೇ ವ್ಯಾಕರಣವಿದೆಯೆಂದು ಅಲ್ಲಿನ ಜನ ನಗುತ್ತ ವಿವರಿಸುತ್ತಾರೆ. ತೂಗಿದ್ದನ್ನು ಮಾರುವುದು ಸಾಮಾನ್ಯ ನಿಯಮ. ತೂಗಿಯೂ ಮಾರದ್ದು ಒಂದುಂಟು: ಅದು ಒಣಗಲು ಹಾಕಿದ ಮನೆಯವರ ಬಟ್ಟೆ. ತೂಗದೆ ಮಾರುವುದೂ ಉಂಟು: ಅದು ಕಿರುದೋಣಿಗಳಲ್ಲಿ ತಂದು ಮಾರುವ ಬಿಸಿ ಶ್ಯಾವಿಗೆ, ಕಾಫಿ. ಒಂದನ್ನು ತೂಗಿ ಇನ್ನೊಂದನ್ನು ಮಾರುವುದು ಕೊನೆಯದು: ಗಳಕ್ಕೆ ತೆಂಗಿನ ಗರಿ ಕಟ್ಟಿದ್ದರೆ ಮಾರಾಟಕ್ಕಿರುವುದು ಗರಿಯಲ್ಲ, ಸ್ವತಃ ದೋಣಿ.

ತೂಗಾಡುವ ಬಟ್ಟೆಗಳನ್ನು ಕಂಡಾಗಲೇ ಇವು ಬರಿಯ ಅಂಗಡಿಗಳಲ್ಲ, ಮನೆಗಳೆಂಬುದು ಮನಸ್ಸಿಗೆ ನಾಟುವುದು. ಸರಕಿನ ಹಿಂದೆ ಒಂದು ಪುಟ್ಟ ಕೋಣೆ. ಅದರಲ್ಲಿಯೇ ಹಿರಿಯರ ಪೂಜಾಸ್ಥಾನ, ಅಡುಗೆ, ಮಕ್ಕಳ ತೊಟ್ಟಿಲು, ಕುಂಡದಲ್ಲಿ ನೆಟ್ಟ ಹೂಗಿಡ. ಕಾಯ್‌ರಂಗ್ ಎಂಬ ಹೆಸರು ಖಮೇರ್ ಭಾಷೆಯ ಮಣ್ಣಿನ ಒಲೆಯ ಹೆಸರಿನಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಒಲೆಗಳನ್ನು ದೋಣಿಗಳಲ್ಲಿ ತುಂಬಿ ತಂದು ಇಲ್ಲಿ ಮಾರುತ್ತಿದ್ದರಂತೆ. ಒಲೆಯ ಹೆಸರಿನ ಊರಿನಲ್ಲಿ ನೀರಿನ ಮೇಲೆ ಒಲೆ ಹೊತ್ತಿಸಿ ಸಂಸಾರ ಹೂಡಿದವರ ಬದುಕು ಇದು.

ಸಸ್ಯಾಹಾರಿಗಳಾದ ನಮ್ಮ ಕುಟುಂಬಗಳಿಗೆ ಒಂದು ಮಾತು. ಕಿರುದೋಣಿಯವರು ಮಾರುವ ಶ್ಯಾವಿಗೆಯ ಸಾರು ಸಾಮಾನ್ಯವಾಗಿ ಮಾಂಸದ್ದು. ಆದರೆ ಬೌದ್ಧ ಆಚರಣೆಯುಳ್ಳ ಆ ನಾಡಿನಲ್ಲಿ ಮಾಂಸವಿಲ್ಲದ ಅಡುಗೆಗೂ ಗೌರವದ ಸ್ಥಾನವಿದೆ. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ ಮಾಂಸ ತೊರೆಯುವವರು ಬಹಳ. ಅಂಥ ಆಹಾರಕ್ಕೆ ಅವರು ‘ಚಾಯ್’ ಎನ್ನುತ್ತಾರೆ. ಅದು ನಮ್ಮ ಚಹಾ ಅಲ್ಲ ಎಂಬುದು ನೆನಪಿರಲಿ. ಆ ಪದವೊಂದನ್ನು ಕಲಿತು ಹೋದರೆ ಪಟ್ಟಣದಲ್ಲಿ ಊಟಕ್ಕೆ ತೊಂದರೆಯಿಲ್ಲ. ಸಂತೆಯಲ್ಲಂತೂ ಹಣ್ಣಿಗೆ ಬರವಿಲ್ಲ. ಗಟ್ಟಿಹಾಲು ಬೆರೆಸಿದ ಕಾಫಿಯೂ ದೊರೆಯುತ್ತದೆ.

ಸೊರಗುತ್ತಿರುವ ಸಂತೆ

ಇಷ್ಟು ಚೆಲುವಾದ ಈ ಸಂತೆ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ ಎಂಬುದನ್ನು ಹೇಳದೆ ಬಿಡುವಂತಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಐನೂರರ ಆಸುಪಾಸಿನಲ್ಲಿದ್ದ ದೋಣಿಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿದಿದೆ. 2016ರಲ್ಲಿ ವಿಯೆಟ್ನಾಂ ಸರಕಾರ ಈ ಸಂತೆಯ ಸಂಸ್ಕೃತಿಯನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ಬಂದಿತು, ದೋಣಿಗಳು ಮಾತ್ರ ಮರಳಿ ಬರಲಿಲ್ಲ.

ಕಾರಣಗಳು ಗೂಢವಾದುವೇನಲ್ಲ. 2000ದಲ್ಲಿ ತಿಯೆನ್ ನದಿಗೆ ಮಿ ಥುವಾನ್ ಸೇತುವೆ, 2010ರಲ್ಲಿ ಹೌ ನದಿಗೆ ಕಾನ್ ತೋ ಸೇತುವೆ ಬಂದವು. ಈ ಎರಡನೆಯ ಸೇತುವೆ ಕಟ್ಟುವಾಗ 2007ರಲ್ಲಿ ಒಂದು ಭಾಗ ಕುಸಿದು 50ಕ್ಕೂ ಹೆಚ್ಚು ಕಾರ್ಮಿಕರು ಮಡಿದರು. ಅಷ್ಟು ಬೆಲೆ ತೆತ್ತು ಆ ನಾಡು ರಸ್ತೆಯನ್ನು ಪಡೆಯಿತು. ಈಗ ಲಾರಿ ತೋಟದ ಬಾಗಿಲಿಗೇ ಬರುತ್ತದೆ. ಗಂಟೆಗಟ್ಟಲೆ ದೋಣಿ ನಡೆಸುವ ಅಗತ್ಯ ರೈತನಿಗಿಲ್ಲ. ಹೊಳೆಯ ದಡ ಕುಸಿಯದಂತೆ ಇತ್ತೀಚಿನ ವರ್ಷಗಳಲ್ಲಿ ಕಟ್ಟಿದ ತಡೆಗೋಡೆಯಿಂದ ಮನೆಗಳಿಗೆ ರಕ್ಷಣೆ ದೊರೆತರೂ ದಡಕ್ಕೂ ದೋಣಿಗೂ ಇದ್ದ ಸಲೀಸಾದ ಸಂಪರ್ಕ ಕಡಿದುಹೋಯಿತು. ಮೇಲಾಗಿ ನದಿಯೇ ಬದಲಾಗುತ್ತಿದೆ. 2016 ಮತ್ತು 2020ರ ಬೇಸಗೆಗಳಲ್ಲಿ ಕಡಲ ಉಪ್ಪುನೀರು ಬಹುದೂರ ಒಳನುಗ್ಗಿ ಮುಖಜಭೂಮಿಯ ಬೆಳೆಗಳನ್ನು ಕೆಡಿಸಿತು.

ಇಲ್ಲಿ ನಾವು ಯಾರನ್ನು ದೂರೋಣ? ದೋಣಿಯಲ್ಲಿ ಬೆಳೆಯುವ ಮಗು ಶಾಲೆಗೆ ಹೋಗುವುದು ಕಷ್ಟ. ಅನೇಕ ತಂದೆತಾಯಿಗಳು ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ನೆಲದ ಮೇಲೆ ಬಿಟ್ಟು ತಾವು ನೀರಿನ ಮೇಲಿರುತ್ತಾರೆ. ಕಾಯಿಲೆ ಬಿದ್ದಾಗ ಆಸ್ಪತ್ರೆ ದೂರ. ಮಳೆಗಾಳಿಯ ರಾತ್ರಿಗಳಲ್ಲಿ ನಿದ್ದೆ ದೂರ. ನಮ್ಮ ಕಣ್ಣಿಗೆ ಹಬ್ಬವೆಂದು ತೋರುವುದು ಅವರಿಗೆ ದಣಿವಿನ ದುಡಿಮೆ. ತನ್ನ ಮಗಳು ಗಟ್ಟಿನೆಲದ ಮೇಲೆ ಓದಿ ಬೆಳೆಯಲೆಂದು ತಾಯಿಯೊಬ್ಬಳು ದೋಣಿಯ ಗಳಕ್ಕೆ ತೆಂಗಿನ ಗರಿ ಕಟ್ಟಿದರೆ, ಚಿತ್ರ ತೆಗೆಯಲು ಬಂದ ನಾವು ಅದನ್ನು ತಪ್ಪೆನ್ನಲು ಯಾವ ಅಧಿಕಾರವಿದೆ?

ಹಾಗೆಂದು ಸಂತೆ ಅಳಿದರೆ ಅಳಿಯಲಿ ಎಂದು ಕೈಚೆಲ್ಲುವುದೂ ಸಲ್ಲದು. ಏಳು ಕಾಲುವೆಗಳು ಕೂಡುವೆಡೆ 1915ರಿಂದ ಬೆಳೆದಿದ್ದ ಫುಂಗ್ ಹಿಯೆಪ್ ಸಂತೆಯನ್ನು, ನೀರದಾರಿ ಇಕ್ಕಟ್ಟಾಗುತ್ತದೆಂದು ಈ ಶತಮಾನದ ಆರಂಭದಲ್ಲಿ ಬೇರೆಡೆಗೆ ಕಳುಹಿಸಿದರು. ಹೊಸ ಜಾಗದಲ್ಲಿ ಅದು ಮೊದಲಿನಂತೆ ಬೇರೂರಲಿಲ್ಲ. ಸಂತೆಯನ್ನು ಕುಂಡದ ಗಿಡದಂತೆ ಎತ್ತಿ ಇಡಲಾಗದು. ಅದು ನಿಲ್ಲುವುದು ಕೊಳ್ಳುವವರ ಮತ್ತು ಮಾರುವವರ ನಿಜವಾದ ಅಗತ್ಯದ ಮೇಲೆ. ಪ್ರವಾಸಿಗಳಿಗಾಗಿಯೇ ನಾಲ್ಕು ದೋಣಿಗಳನ್ನು ಅಲಂಕರಿಸಿ ನಿಲ್ಲಿಸಿದರೆ ಅದು ನಾಟಕವಾದೀತೇ ಹೊರತು ಸಂತೆಯಾಗದು. ದೋಣಿಯವರಿಗೆ ಸಾಲಸೌಲಭ್ಯ, ಮಕ್ಕಳಿಗೆ ಓದಿನ ಅನುಕೂಲ, ದಡಕ್ಕಿಳಿಯಲು ಮೆಟ್ಟಿಲುಗಳು, ಇವು ದೊರೆತು ದುಡಿಮೆಯಲ್ಲಿ ನಾಲ್ಕು ಕಾಸು ಉಳಿದರೆ ಮಾತ್ರ ಮುಂದಿನ ಪೀಳಿಗೆ ಚುಕ್ಕಾಣಿ ಹಿಡಿದೀತು.

ನೋಡಹೋಗುವವರ ಹೊಣೆ

ಸರಕಾರಗಳ ಕರ್ತವ್ಯ ಸರಕಾರಗಳಿಗಿರಲಿ. ನೋಡಹೋಗುವ ನಮ್ಮ ಪಾಲಿಗೂ ಕೆಲವು ಸಣ್ಣ ಕರ್ತವ್ಯಗಳುಂಟು. ದೊಡ್ಡ ದೋಣಿಗಿಂತ ಸ್ಥಳೀಯರು ನಡೆಸುವ ಚಿಕ್ಕ ದೋಣಿಯನ್ನು ಆರಿಸಿಕೊಳ್ಳಿರಿ. ಅದರ ಬಾಡಿಗೆ ಆ ಹೊಳೆಯ ಮನೆಗೇ ಸೇರುತ್ತದೆ. ಜೀವರಕ್ಷಕ ಅಂಗಿಯನ್ನು ಮಕ್ಕಳಿಗೆ ತಪ್ಪದೆ ತೊಡಿಸಿರಿ. ಬರಿಗಣ್ಣಿನಿಂದ ನೋಡಿ ಮರಳದೆ ಏನಾದರೂ ಹಣ್ಣು ಕೊಳ್ಳಿರಿ. ಅದಕ್ಕಾಗಿ ಚಿಲ್ಲರೆ ನೋಟುಗಳು ಕೈಯಲ್ಲಿರಲಿ. ತಿಂದ ಸಿಪ್ಪೆಯ ಚೀಲವನ್ನು ನೀರಿಗೆಸೆಯಬೇಡಿರಿ. ದೋಣಿಯ ಒಳಕೋಣೆಯತ್ತ ಚಿತ್ರಯಂತ್ರವನ್ನು ತಿರುಗಿಸುವ ಮುನ್ನ ಅದು ಒಬ್ಬರ ಮನೆಯೆಂಬುದನ್ನು ನೆನೆದು, ಕಣ್ಸನ್ನೆಯಿಂದಲಾದರೂ ಅಪ್ಪಣೆ ಕೇಳಿರಿ. ನಮ್ಮ ಮನೆಯ ಅಂಗಳದಲ್ಲಿ ಅಪರಿಚಿತರು ನಿಂತು ಅಡುಗೆಮನೆಯ ಚಿತ್ರ ತೆಗೆದರೆ ನಮಗೆ ಹೇಗೆನಿಸೀತು?

ಮಕ್ಕಳನ್ನು ಕರೆದೊಯ್ಯುವವರು ಇನ್ನೊಂದು ಕೆಲಸ ಮಾಡಬಹುದು. ಹಿಂದಿರುಗುವಾಗ ಅವರಿಗೆ ಸೇತುವೆಯನ್ನು ತೋರಿಸಿರಿ, ಸಂತೆಯನ್ನೂ ನೆನಪಿಸಿರಿ. ಎರಡೂ ಮನುಷ್ಯನ ಅಗತ್ಯವೇ ಕಟ್ಟಿದ್ದು, ಒಂದು ಬಂದಾಗ ಇನ್ನೊಂದು ಬಡವಾಯಿತು ಎಂಬುದನ್ನು ತಿಳಿಯಹೇಳಿರಿ. ಒಂದು ಜನಪದವು ತನಗೆ ದೊರೆತ ನೀರಿನಲ್ಲಿಯೇ ದಾರಿಯನ್ನೂ ಅಂಗಡಿಯನ್ನೂ ಮನೆಯನ್ನೂ ಕಟ್ಟಿಕೊಂಡು, ಹತ್ತಕ್ಕೆ ಹನ್ನೆರಡು ಎಣಿಸಿಕೊಡುವಷ್ಟು ಔದಾರ್ಯವನ್ನೂ ಉಳಿಸಿಕೊಂಡಿತೆಂಬುದನ್ನು ಎಳೆಯ ಮನಸ್ಸು ಗ್ರಹಿಸಿದರೆ ಆ ಪಯಣದ ಖರ್ಚು ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.