ಮನೆಯಂಗಳದಲ್ಲಿ ಕಟ್ಟಿಗೆ ಒಡೆಯುವಾಗ ಮಕ್ಕಳ ಸುರಕ್ಷತೆ



2016ರಲ್ಲಿ ಉಜ್ವಲ ಯೋಜನೆ ಆರಂಭವಾದ ನಂತರ ಚಳ್ಳಕೆರೆ ಹಾಗೂ ಮೊಳಕಾಲ್ಮುರು ತಾಲ್ಲೂಕುಗಳ ಅನೇಕ ಮನೆಗಳಿಗೆ ಅಡುಗೆ ಅನಿಲ ತಲುಪಿದೆಯಾದರೂ, ಸ್ನಾನದ ನೀರಿಗೆ, ಮುದ್ದೆಗೆ, ಜಾತ್ರೆಯ ಅಡುಗೆಗೆ ಇಂದಿಗೂ ಸೌದೆಯೇ ಆಧಾರ. ಫಾಲ್ಗುಣದ ನಾಯಕನಹಟ್ಟಿ ಜಾತ್ರೆಗೆ ಮುನ್ನ ಹಾಗೂ ಮುಂಗಾರಿಗೆ ಮೊದಲು ಹಟ್ಟಿಗಳಲ್ಲಿ ಕಟ್ಟಿಗೆ ಒಡೆಯುವ ಕೆಲಸ ಹೆಚ್ಚು. ಅದು ನಡೆಯುವುದು ಮನೆಯ ಮುಂದಿನ ಅಂಗಳದಲ್ಲಿ. ಮಕ್ಕಳು ಆಡುವುದೂ ಅಲ್ಲಿಯೇ.

ನಮ್ಮ ಭಾಗದ ಮುಖ್ಯ ಸೌದೆ ಬಳ್ಳಾರಿ ಜಾಲಿ. ಒಣಗಿದ, ಗಂಟುಳ್ಳ ತುಂಡು ನೇರವಾಗಿ ಸೀಳುವುದಿಲ್ಲ. ಏಟು ಜಾರುತ್ತದೆ ಇಲ್ಲವೇ ಚಕ್ಕೆ ಸಿಡಿಯುತ್ತದೆ. ಚಕ್ಕೆಗಳು ಹೆಚ್ಚಾಗಿ ಪಕ್ಕಕ್ಕೆ ಹಾರುತ್ತವೆ. ಕೊಡಲಿಯ ತಲೆ ಕಾವಿನಿಂದ ಕಳಚಿದರೆ ಅದು ಬೀಸಿದ ದಾರಿಯಲ್ಲಿಯೇ ಮುಂದಕ್ಕೋ ಹಿಂದಕ್ಕೋ ಚಿಮ್ಮುತ್ತದೆ. ಆದ್ದರಿಂದ ಮಗುವಿಗೆ ‘ಹಿಂದೆ ನಿಂತ್ಕೋ’ ಎನ್ನುವುದು ರಕ್ಷಣೆಯಲ್ಲ. ಸುತ್ತಲೂ ಕನಿಷ್ಠ ಇಪ್ಪತ್ತು ಅಡಿ ಖಾಲಿ ಇರಬೇಕು. ಮೊಳಕಾಲ್ಮುರಿನ ನೇಕಾರರ ಇಕ್ಕಟ್ಟಾದ ಬೀದಿಗಳಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅಲ್ಲಿ ಮಕ್ಕಳನ್ನು ಒಳಗೆ ಕಳುಹಿಸಿ ಬಾಗಿಲು ಹಾಕಬೇಕು, ಇಲ್ಲವೇ ಸೌದೆಯನ್ನು ಹೊರಗೇ ಒಡೆಸಿ ತರಬೇಕು.

ಬೇಸಿಗೆಯ ಒಣಹವೆಯಲ್ಲಿ ಮರದ ಕಾವು ಕುಗ್ಗಿ ಕೊಡಲಿಯ ತಲೆ ಸಡಿಲವಾಗುತ್ತದೆ. ಅದನ್ನು ರಾತ್ರಿ ನೀರಿನಲ್ಲಿ ನೆನೆಹಾಕುವ ರೂಢಿಯುಂಟು. ನೆನೆದ ಮರ ಉಬ್ಬಿ ಬಿಗಿಯಾದಂತೆ ತೋರಿದರೂ ಒಣಗಿದೊಡನೆ ಮತ್ತೆ ಸಡಿಲವಾಗುತ್ತದೆ. ಕಮ್ಮಾರರಿಂದ ಬೆಣೆ ಹೊಡೆಸುವುದೇ ಸರಿಯಾದ ಕ್ರಮ.

ಎಲ್ಲಕ್ಕಿಂತ ಅಪಾಯಕರವಾದುದು ಮಗುವಿನ ಕೈಯಲ್ಲಿ ತುಂಡನ್ನು ಹಿಡಿಸಿ ಏಟು ಹಾಕುವುದು. ‘ಒಂದೇ ಏಟು, ಅಲ್ಲಾಡದಂಗೆ ಹಿಡ್ಕೋ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಇದಕ್ಕೆ ಖರ್ಚಿಲ್ಲದ ಪರ್ಯಾಯವಿದೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸ್ಕೂಟರ್ ಟೈರನ್ನು ಅಗಲವಾದ ಕೊರಡಿನ ಮೇಲೆ ಮೊಳೆ ಹೊಡೆದು ಕೂರಿಸಿ, ಅದರೊಳಗೆ ತುಂಡುಗಳನ್ನು ಒತ್ತಾಗಿ ನಿಲ್ಲಿಸಿ ಒಡೆಯಬಹುದು. ಹಿಡಿಯುವವರೇ ಬೇಕಾಗುವುದಿಲ್ಲ, ಸೀಳಿದ ಹೋಳುಗಳೂ ಟೈರಿನೊಳಗೇ ಉಳಿಯುತ್ತವೆ.

ಕೊಡಲಿಯನ್ನು ಕೊರಡಿಗೆ ನೆಟ್ಟು ಊಟಕ್ಕೆ ಹೋಗಬಾರದು. ಅದನ್ನು ಕೀಳಲು ಮಕ್ಕಳು ಪಂದ್ಯ ಕಟ್ಟುತ್ತಾರೆ. ರಾಶಿಯಿಂದ ಸೌದೆ ತರಲು, ಅದರಲ್ಲೂ ಕತ್ತಲಾದ ಮೇಲೆ, ಮಕ್ಕಳನ್ನು ಕಳುಹಿಸಬಾರದು. ಚೇಳಿಗೆ ಅದೇ ತಂಪಿನ ಜಾಗ.

ಕಡಿತದ ಗಾಯಕ್ಕೆ ಕಾಫಿಪುಡಿ, ಸುಣ್ಣ ತುಂಬದೆ, ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿಹಿಡಿದು 108ಕ್ಕೆ ಕರೆ ಮಾಡಬೇಕು. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಜೊತೆಗೆ ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಾಗಬಾರದು. ಕಣ್ಣಿಗೆ ಸಿಬಿರು ಹೊಕ್ಕರೆ ಉಜ್ಜಬಾರದು, ಕೀಳಲೂಬಾರದು. ಜಾಲಿಮುಳ್ಳಿನ ಸಣ್ಣ ಗಾಯದಿಂದಲೂ ಧನುರ್ವಾಯು ಬರಬಹುದು. 10 ಮತ್ತು 16ನೇ ವಯಸ್ಸಿನ ಟಿ.ಡಿ. ಲಸಿಕೆ ತಪ್ಪಿದ ಮಕ್ಕಳ ಪಟ್ಟಿಯನ್ನು ಸದಸ್ಯರು ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯರಿಂದ ಪಡೆದು ಪರಿಶೀಲಿಸುವುದು.

ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯವನ್ನು ಮಕ್ಕಳಿಂದಲೇ ಕೇಳಿ ತಿಳಿಯುವುದು ಸೂಕ್ತ. ಯಾರ ಮನೆಯಲ್ಲಿ ತುಂಡು ಹಿಡಿಸುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.