‘ಸಲೂದ್’: ಜನರ ನಡುವೆ ರೂಪುಗೊಳ್ಳುವ ವೈದ್ಯರು

ಅಮೆರಿಕದ ನಿರ್ದೇಶಕಿ ಕಾನಿ ಫೀಲ್ಡ್ ಅವರು ಕ್ಯೂಬಾದ ಆರೋಗ್ಯ ವ್ಯವಸ್ಥೆಯನ್ನು ಕುರಿತು 2006ರಲ್ಲಿ ತೆರೆಗೆ ತಂದ ‘ಸಲೂದ್’ ಎಂಬ ಸಾಕ್ಷ್ಯಚಿತ್ರವು, ಸಿರಿವಂತವಲ್ಲದ ಪುಟ್ಟ ದ್ವೀಪರಾಷ್ಟ್ರವೊಂದು ತನ್ನ ಜನರ ಆರೋಗ್ಯವನ್ನು ಕಾಪಾಡಿಕೊಂಡು ಹೊರದೇಶಗಳಿಗೂ ವೈದ್ಯರನ್ನು ಕಳುಹಿಸುವಷ್ಟು ಸಮರ್ಥವಾದುದು ಹೇಗೆಂಬುದನ್ನು ಪರಿಶೀಲಿಸುತ್ತದೆ. ಸ್ಪ್ಯಾನಿಷ್ ಭಾಷೆಯ ಈ ಶೀರ್ಷಿಕೆಗೆ ಆರೋಗ್ಯ ಎಂದರ್ಥ.

1959ರ ಕ್ರಾಂತಿಯ ವೇಳೆಗೆ ಕ್ಯೂಬಾದಲ್ಲಿದ್ದ ಸುಮಾರು 6,000 ವೈದ್ಯರಲ್ಲಿ ಅರ್ಧದಷ್ಟು ಮಂದಿ ಮುಂದಿನ ಕೆಲವೇ ವರ್ಷಗಳಲ್ಲಿ ದೇಶ ತೊರೆದರು. ಆ ಕೊರತೆಯನ್ನು ತುಂಬಲು ಸರ್ಕಾರವು ವೈದ್ಯಶಿಕ್ಷಣವನ್ನು ವಿಸ್ತರಿಸಿದ್ದಲ್ಲದೆ, ಹೊಸ ಪದವೀಧರರನ್ನು ಹಳ್ಳಿಗಳಿಗೆ ಕಳುಹಿಸುವ ಗ್ರಾಮೀಣ ಸೇವೆಯನ್ನು 1960ರಲ್ಲೇ ಆರಂಭಿಸಿತು. 1984ರಲ್ಲಿ ಜಾರಿಗೆ ಬಂದ ಕುಟುಂಬ ವೈದ್ಯ ಪದ್ಧತಿಯು ಇದರ ಮುಂದಿನ ಹೆಜ್ಜೆಯಾಗಿದ್ದು, ಅದರ ಮೂಲ ಯೋಜನೆಯಂತೆ ಒಬ್ಬ ವೈದ್ಯ ಮತ್ತು ಒಬ್ಬ ದಾದಿ ಬಡಾವಣೆಯಲ್ಲಿಯೇ ನೆಲೆಸಿ ಸುಮಾರು 120 ಕುಟುಂಬಗಳ ಹೊಣೆ ಹೊರಬೇಕಿತ್ತು. ಅವರು ಮನೆಮನೆಗೆ ಭೇಟಿ ನೀಡಿ, ಜನರನ್ನು ಆರೋಗ್ಯವಂತರು, ರೋಗದ ಅಪಾಯವುಳ್ಳವರು, ರೋಗಿಗಳು, ಅಂಗವೈಕಲ್ಯವುಳ್ಳವರು ಎಂದು ವಿಂಗಡಿಸಿ, ಯಾರನ್ನು ಎಷ್ಟು ಬಾರಿ ನೋಡಬೇಕೆಂಬುದನ್ನು ನಿರ್ಧರಿಸುತ್ತಾರೆ. ಕುಡಿಯುವ ನೀರು, ಧೂಮಪಾನ, ಗರ್ಭಿಣಿಯ ಆಹಾರ, ಮಕ್ಕಳ ಲಸಿಕೆ ಇವೆಲ್ಲವೂ ವೈದ್ಯನ ಕೆಲಸದ ವ್ಯಾಪ್ತಿಗೆ ಸೇರುವುದರಿಂದ ಚಿಕಿತ್ಸೆಗೂ ಸಾರ್ವಜನಿಕ ಆರೋಗ್ಯಕ್ಕೂ, ಅಂದರೆ ಇಡೀ ಸಮುದಾಯಕ್ಕೆ ರೋಗ ಬಾರದಂತೆ ತಡೆಯುವ ಪ್ರಯತ್ನಕ್ಕೂ ನಡುವಿನ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ವಿದ್ಯಾರ್ಥಿಗಳು ಸಹ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರವಲ್ಲದೆ ಇಂಥ ಬಡಾವಣೆಗಳಲ್ಲಿಯೂ ತರಬೇತಿ ಪಡೆಯುತ್ತಾರೆ.

1998ರಲ್ಲಿ ಮಧ್ಯ ಅಮೆರಿಕ ಮತ್ತು ಕೆರೀಬಿಯನ್ ಪ್ರದೇಶಗಳನ್ನು ಎರಡು ಚಂಡಮಾರುತಗಳು ಧ್ವಂಸಗೊಳಿಸಿದಾಗ ನೆರವಿಗೆ ವೈದ್ಯರನ್ನು ಕಳುಹಿಸಿದ ಕ್ಯೂಬಾ, ಆ ದೇಶಗಳ ಬಡ ಕುಟುಂಬಗಳ ಯುವಜನರನ್ನೇ ವೈದ್ಯರನ್ನಾಗಿಸುವ ಉದ್ದೇಶದಿಂದ 1999ರಲ್ಲಿ ಹವಾನಾದ ಹೊರವಲಯದ ನೌಕಾ ಅಕಾಡೆಮಿಯೊಂದನ್ನು ಲ್ಯಾಟಿನ್ ಅಮೆರಿಕನ್ ವೈದ್ಯಕೀಯ ಶಾಲೆಯನ್ನಾಗಿ ಪರಿವರ್ತಿಸಿತು. ಶುಲ್ಕವಿಲ್ಲದ ಈ ಶಿಕ್ಷಣಕ್ಕೆ ಪ್ರತಿಯಾಗಿ ವಿದ್ಯಾರ್ಥಿಗಳಿಂದ ನಿರೀಕ್ಷಿಸುವುದು, ವೈದ್ಯರಿಲ್ಲದ ಸಮುದಾಯಗಳಿಗೆ ಹಿಂತಿರುಗಿ ಸೇವೆ ಸಲ್ಲಿಸುವ ನೈತಿಕ ಬದ್ಧತೆಯನ್ನು.

ಸಾಕ್ಷ್ಯಚಿತ್ರವು ಗ್ಯಾಂಬಿಯಾ, ದಕ್ಷಿಣ ಆಫ್ರಿಕಾ, ಹೊಂಡುರಾಸ್ ಮತ್ತು ವೆನೆಜುವೆಲಾಗಳಲ್ಲಿ ದುಡಿಯುತ್ತಿದ್ದ ಕ್ಯೂಬನ್ ವೈದ್ಯರನ್ನೂ ಹಿಂಬಾಲಿಸುತ್ತದೆ. ಹೊಂಡುರಾಸ್ ಮತ್ತು ವೆನೆಜುವೆಲಾಗಳ ವೈದ್ಯರ ಸಂಘಗಳು ಇವರ ಆಗಮನವನ್ನು ವಿರೋಧಿಸಿದ್ದವು. ಹೊರದೇಶಗಳು ನೀಡುವ ಹಣದ ಬಹುಪಾಲನ್ನು ಕ್ಯೂಬಾ ಸರ್ಕಾರವೇ ಇರಿಸಿಕೊಂಡು ವೈದ್ಯರ ಸ್ವಾತಂತ್ರ್ಯವನ್ನು ನಿರ್ಬಂಧಿಸುತ್ತದೆ ಎಂಬ ಟೀಕೆಯೂ ಗಂಭೀರವಾದುದೇ. ಆ ವ್ಯವಸ್ಥೆಯ ಎಲ್ಲವೂ ಅನುಕರಣೀಯವಲ್ಲ. ಆದರೆ ಯಾರನ್ನು ಆಯ್ದು, ಎಲ್ಲಿಟ್ಟು, ಯಾವ ಉದ್ದೇಶಕ್ಕಾಗಿ ಕಲಿಸಲಾಗುತ್ತದೆ ಎಂಬುದೇ ನಾಳೆ ಒಬ್ಬ ವೈದ್ಯ ಯಾರ ಬಳಿ ನಿಲ್ಲುತ್ತಾನೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬ ಸತ್ಯವನ್ನು ಈ ಚಿತ್ರ ಮನಗಾಣಿಸುವುದರಿಂದ, ವೈದ್ಯಕೀಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಆರೋಗ್ಯ ನೀತಿಯನ್ನು ರೂಪಿಸುವವರೂ ಇದನ್ನು ಅವಶ್ಯವಾಗಿ ನೋಡಬೇಕು.