ಕೊಲೆಗಾರ ಯಾರೆಂದು ಗೊತ್ತಿದ್ದರೂ ಎದೆ ಹೊಡೆದುಕೊಳ್ಳುವುದೇಕೆ?

"ಒಳಗ ಹೋಗಬ್ಯಾಡವ್ವಾ, ಅಂವಾ ಛಲೋ ಮನಶಾ ಅಲ್ಲ!"

ಸೊಲ್ಲಾಪುರದ ನವಿ ಪೇಠೆಯ ಹಿಂಬದಿಯ ಓಣಿಯ ಒಂದು ಮನೆ. ಪೇಟೆಯ ಅಂಗಡಿಗಳು ಬಾಗಿಲೆಳೆದು ಬಹಳ ಹೊತ್ತಾಗಿದೆ. ಅಕ್ಕಲಕೋಟೆ ಕಡೆಯಿಂದ ಬಂದು ನೆಲೆಸಿದ ಅಜ್ಜಿಯೊಬ್ಬರು ಟಿವಿಯೊಳಗಿನ ಹೆಣ್ಣುಮಗಳಿಗೆ ಕೂಗಿ ಹೇಳಿದ ಮಾತಿದು. ಧಾರಾವಾಹಿ ಮರಾಠಿಯದು, ಎಚ್ಚರಿಕೆ ಕನ್ನಡದ್ದು. ನಾಳೆಯ ಅಡುಗೆಗೆ ಬಿಡಿಸುತ್ತಿದ್ದ ಮೆಂತ್ಯೆಯ ದಂಟು ಬೆರಳುಗಳ ನಡುವೆ ಹಾಗೇ ನಿಂತಿತ್ತು. ಜಾಹೀರಾತು ಬಂದ ಮೇಲೆಯೇ ಕೈ ಮತ್ತೆ ಆಡಿದ್ದು.

ಧಾರಾವಾಹಿಯ ಹೆಸರು 'ದೇವಮಾಣೂಸ್'. 2020ರ ಆಗಸ್ಟ್‌ ಕೊನೆಯಲ್ಲಿ ಝೀ ಮರಾಠಿಯಲ್ಲಿ ಶುರುವಾಯಿತು. 2016ರಲ್ಲಿ ಸಾತಾರಾ ಜಿಲ್ಲೆಯ ವಾಯಿಯಲ್ಲಿ ಬಯಲಿಗೆ ಬಂದ ಸರಣಿ ಕೊಲೆಗಳಿಂದ ಪ್ರೇರಣೆ ಪಡೆದ ಕಥೆ. ಊರೆಲ್ಲ ದೇವರಂಥವನೆಂದು ಕೈಮುಗಿಯುವ ಡಾಕ್ಟರೇ ಕೊಲೆಗಾರ, ಮತ್ತು ಅದು ನೋಡುಗರಿಗೆ ಗೊತ್ತು. ದಕ್ಷಿಣ ಕನ್ನಡದ ಸರಣಿ ಕೊಲೆಗಾರ ಸಯನೈಡ್ ಮೋಹನ್ ಪ್ರಕರಣವನ್ನು ನೆನಪಿಸುವ 2023ರ ಹಿಂದಿ ಸರಣಿ 'ದಹಾಡ್' ಕೂಡ ಕೊಲೆಗಾರನ ಮುಖವನ್ನು ಕೊನೆಯವರೆಗೆ ಮುಚ್ಚಿಡುವುದಿಲ್ಲ. ಗುಟ್ಟೇ ಇಲ್ಲದ ಮೇಲೆ ಉಸಿರು ಬಿಗಿಹಿಡಿಯುವುದು ಯಾವುದಕ್ಕಾಗಿ?

ಇದಕ್ಕೆ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ, ಫ್ರಾನ್ಸಿನ ನಿರ್ದೇಶಕ ಟ್ರೂಫೊ ಜೊತೆಗಿನ ಮಾತುಕತೆಯಲ್ಲಿ ಉತ್ತರ ಕೊಟ್ಟಿದ್ದರು. ಮೇಜಿನ ಕೆಳಗಿರುವ ಬಾಂಬು ಹಠಾತ್ತನೆ ಸಿಡಿದರೆ ನೋಡುಗರು ಬೆಚ್ಚುವುದು 15 ಸೆಕೆಂಡು. ಬಾಂಬು ಇರುವುದನ್ನು ನೋಡುಗರಿಗೆ ಮೊದಲೇ ತೋರಿಸಿ, ಪಾತ್ರಗಳು ಅದರ ಅರಿವಿಲ್ಲದೆ ಹರಟುತ್ತಾ ಕೂತಿದ್ದರೆ ತಳಮಳ 15 ನಿಮಿಷ. ನಮಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಈ ಅಂತರವೇ ಎದೆಬಡಿತವನ್ನು ಏರಿಸುವುದು. ಪರದೆಯ ಮೇಲಿನ ರಕ್ತದ ಪಾತ್ರ ಇದರಲ್ಲಿ ಬಹಳ ಚಿಕ್ಕದು.

ಹಿಚ್‌ಕಾಕ್ ಅವರ ಮಾತು ಪ್ರಯೋಗಾಲಯದವರೆಗೂ ಹೋಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಯೂರಿ ಹ್ಯಾಸನ್ ಮತ್ತು ಸಂಗಡಿಗರು, ಹಿಚ್‌ಕಾಕ್ 1961ರಲ್ಲಿ ಟಿವಿಗಾಗಿ ಮಾಡಿದ 'ಬ್ಯಾಂಗ್! ಯೂ ಆರ್ ಡೆಡ್' ಎಂಬ ಕಂತನ್ನು ಸ್ವಯಂಸೇವಕರಿಗೆ ತೋರಿಸಿ, ಅವರ ಮಿದುಳಿನ ಚಟುವಟಿಕೆಯನ್ನು ಎಂಆರ್‌ಐ ಯಂತ್ರದಲ್ಲಿ ದಾಖಲಿಸಿದರು. ಮಿದುಳಿನ ಹೊರಪದರದ ಸುಮಾರು 65% ಭಾಗದಲ್ಲಿ ಎಲ್ಲರ ಏರಿಳಿತ ಒಂದೇ ಲಯದಲ್ಲಿತ್ತು. ಒಂದು ಹಾಸ್ಯ ಧಾರಾವಾಹಿಯ ಕಂತಿಗೆ ಈ ಪ್ರಮಾಣ 18%. ಉದ್ಯಾನವೊಂದರಲ್ಲಿ ಕ್ಯಾಮೆರಾ ಸುಮ್ಮನೆ ಇಟ್ಟು ತೆಗೆದ ದೃಶ್ಯಕ್ಕೆ 5%ಕ್ಕೂ ಕಡಿಮೆ. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದ ಮೇಲೆ, ಒಂದೇ ಚಾಪೆಯ ಮೇಲೆ ಕೂತು ಧಾರಾವಾಹಿ ನೋಡುವ ಮನೆಮಂದಿಯನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ.

ಮುಂದಿನ ಪ್ರಯೋಗ ಇನ್ನೂ ಆಳವಾದದ್ದು. ಅದೇ ಹಿಚ್‌ಕಾಕ್ ಕಂತಿನ ಕಥೆ ಸರಳ. ಐದು ವರ್ಷದ ಹುಡುಗನಿಗೆ ಮಾವನ ಪೆಟ್ಟಿಗೆಯಲ್ಲಿ ನಿಜವಾದ ರಿವಾಲ್ವರ್ ಸಿಗುತ್ತದೆ. ಆಟಿಕೆಯೆಂದು ತಿಳಿದು, ಗುಂಡು ತುಂಬಿಕೊಂಡು, ಕಂಡಕಂಡವರತ್ತ ಗುರಿಯಿಡುತ್ತಾ ಊರೆಲ್ಲ ತಿರುಗುತ್ತಾನೆ. ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದ ಲೊರಿನಾ ನಾಚಿ, ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಈ ಕಂತನ್ನು ಎಂಟು ನಿಮಿಷಕ್ಕೆ ಇಳಿಸಿ, 16 ವರ್ಷಗಳಿಂದ ಕರೆದರೂ ಓಗೊಡದೆ ಮಲಗಿದ್ದ 34ರ ಹರೆಯದ ರೋಗಿಗೆ ತೋರಿಸಿದರು. ಹುಡುಗ ಟ್ರಿಗರ್ ಒತ್ತುವ ಕ್ಷಣಗಳಲ್ಲಿ ಆರೋಗ್ಯವಂತರ ಮಿದುಳಿನ ಮುಂಭಾಗ ಹೇಗೆ ಏರಿಳಿಯಿತೋ, ಆತನದೂ ಹಾಗೆಯೇ ಏರಿಳಿಯಿತು. ಬಂದೂಕು ಎಂದರೇನು, ಹುಡುಗನಿಗೆ ಏನು ಗೊತ್ತಿಲ್ಲ, ಮುಂದೇನಾಗಬಹುದು ಇವಿಷ್ಟೂ ಅರ್ಥವಾಗದೆ ಆ ತಳಮಳ ಹುಟ್ಟದು. ಹಾಗಾಗಿ ಆತ ಒಳಗೆ ಎಚ್ಚರವಾಗಿದ್ದಾನೆ, ಕಥೆಯನ್ನು ಹಿಂಬಾಲಿಸುತ್ತಿದ್ದಾನೆ ಎಂದು 2014ರಲ್ಲಿ ಅವರು ವರದಿ ಮಾಡಿದರು. ಟಿವಿಯ ಅಪರಾಧ ಕಥೆಯೊಂದು ಪ್ರಜ್ಞೆಯನ್ನು ಪತ್ತೆಹಚ್ಚುವ ಉಪಕರಣವಾಯಿತು! ಕ್ರೈಮ್ ಧಾರಾವಾಹಿ ನೋಡುವುದು ಬುದ್ಧಿಗೆ ಕೆಲಸವಿಲ್ಲದ ಚಟ ಎಂದು ಮೂಗುಮುರಿಯುವವರು ಈ ಪ್ರಯೋಗವನ್ನು ಗಮನಿಸಬೇಕು.

ಇನ್ನು ಅಜ್ಜಿಯ ಎಚ್ಚರಿಕೆಯ ಭಾಷೆಯ ವಿಷಯ. ನಾವು ಗಾಬರಿಗೊಂಡಾಗ ಅಂಗೈಯ ಬೆವರು ಗ್ರಂಥಿಗಳು ನಮ್ಮನ್ನು ಕೇಳದೆ ಕೆಲಸ ಶುರುಮಾಡುತ್ತವೆ. ತೇವ ಹೆಚ್ಚಿದಂತೆ ಚರ್ಮದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಎರಡು ಬೆರಳಿಗೆ ವಿದ್ಯುದ್ವಾರ ಕಟ್ಟಿ ಅದನ್ನು ಅಳೆಯಬಹುದು. ಬಾಸ್ಟನ್ನಿನಲ್ಲಿದ್ದ ಟರ್ಕಿ ಮೂಲದವರನ್ನು ಸಂಶೋಧಕಿ ಕ್ಯಾಥರಿನ್ ಹ್ಯಾರಿಸ್ ಮತ್ತು ಸಂಗಡಿಗರು ಹೀಗೆ ಅಳೆದು 2003ರಲ್ಲಿ ವರದಿ ಮಾಡಿದರು. ಚಿಕ್ಕಂದಿನಲ್ಲಿ ಹಿರಿಯರು ಗದರುವ ಮಾತು ಟರ್ಕಿ ಭಾಷೆಯಲ್ಲಿ ಕೇಳಿದಾಗ ಅಂಗೈ ಹೆಚ್ಚು ಸ್ಪಂದಿಸಿತು, ದೊಡ್ಡವರಾದ ಮೇಲೆ ಕಲಿತ ಇಂಗ್ಲಿಷಿನಲ್ಲಿ ಕಡಿಮೆ. ಆದರೆ ಮರುವರ್ಷದ ವರದಿಯಲ್ಲಿ, ಸ್ಪ್ಯಾನಿಷ್ ಮಾತಾಡುವ ಕುಟುಂಬಗಳಲ್ಲಿ ಬೆಳೆದು ಎಳವೆಯಲ್ಲೇ ಇಂಗ್ಲಿಷ್ ಕಲಿತಿದ್ದವರನ್ನು ಅಳೆದಾಗ ಎರಡು ಭಾಷೆಗಳ ನಡುವೆ ಅಂಥ ಅಂತರ ಕಾಣಲಿಲ್ಲ. ಮನೆಯ ಭಾಷೆ ಯಾವುದು ಎಂಬುದಷ್ಟೇ ಅಲ್ಲ, ಎರಡನೆಯದು ಯಾವ ವಯಸ್ಸಿನಲ್ಲಿ ಮೈಗೂಡಿತು ಎಂಬುದೂ ಮುಖ್ಯ.

ನವಿ ಪೇಠೆಯ ಸುತ್ತಲಿನ ಕನ್ನಡ ಮನೆಗಳಲ್ಲಿ ಈ ಎರಡೂ ಬಗೆಯವರು ಒಟ್ಟಿಗೇ ಇದ್ದಾರೆ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ ಬಂದ ಮೇಲೆ ಮರಾಠಿ ರೂಢಿಸಿಕೊಂಡ ಅಜ್ಜಿ. ಓಣಿಯ ಆಟದಲ್ಲೇ ಮರಾಠಿ ಕಲಿತ ಮೊಮ್ಮಗ. ಕಥೆಯನ್ನು ಇಬ್ಬರೂ ಅಷ್ಟೇ ಚೆನ್ನಾಗಿ ಹಿಂಬಾಲಿಸುತ್ತಾರೆ. ಆದರೆ ಅದೇ ಬೆದರಿಕೆಯ ಮಾತು ಕನ್ನಡ ವಾಹಿನಿಯಲ್ಲಿ ಬಂದರೆ ಅಜ್ಜಿಯ ಅಂಗೈ ಹೆಚ್ಚು ಬೆವರೀತು, ಮೊಮ್ಮಗನಿಗೆ ವ್ಯತ್ಯಾಸವೇ ಆಗಲಿಕ್ಕಿಲ್ಲ ಎಂಬುದು ನನ್ನ ಊಹೆ. ಅಜ್ಜಿಯ ಎಚ್ಚರಿಕೆ ಕನ್ನಡದಲ್ಲಿ ಹೊರಬಿದ್ದದ್ದೂ ಇದೇ ಕಾರಣಕ್ಕೆ ಇರಬಹುದು.

ನಿದ್ದೆಯ ಬಗ್ಗೆ ಒಂದು ಮಾತು. ಸಂಶೋಧಕರಾದ ಎಕ್ಸೆಲ್‌ಮನ್ಸ್ ಮತ್ತು ವಾನ್ ಡೆನ್ ಬುಲ್ಕ್ 423 ಯುವಜನರನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂತಿನ ಮೇಲೆ ಕಂತು ನೋಡುವವರ ನಿದ್ದೆ ಕೆಟ್ಟಿತ್ತು. ಮಲಗಿದ ಮೇಲೂ ಮನಸ್ಸು ಕಥೆಯನ್ನು ಬಿಡದಿರುವುದೇ ಇದಕ್ಕೆ ಕಾರಣವೆಂದು ಅವರ ಲೆಕ್ಕಾಚಾರ ತೋರಿಸಿತು. ಮಲಗುವ ಹೊತ್ತಿಗೆ ಸರಿಯಾಗಿ ಬರುವ ಇಂಥ ಕಂತುಗಳಿಂದ ಚಿಕ್ಕ ಮಕ್ಕಳನ್ನು ದೂರವಿಡುವುದು ಒಳ್ಳೆಯದು. ದೊಡ್ಡವರೂ ಟಿವಿ ಆರಿಸಿದ ಕೂಡಲೇ ಹಾಸಿಗೆಗೆ ಹೋಗದೆ ಸ್ವಲ್ಪ ಹೊತ್ತು ಬೇರೆ ಮಾತಾಡಿ ಮಲಗಲಿ.

ಮತ್ತೆ ಭಾಷೆಯ ವಿಷಯಕ್ಕೆ ಬಂದರೆ, ಬಾಸ್ಟನ್ನಿನಲ್ಲಿ ಹುಡುಕಿ ಒಟ್ಟುಗೂಡಿಸಬೇಕಾದಂಥ ದ್ವಿಭಾಷಿಕರು ಸೊಲ್ಲಾಪುರದಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಕನ್ನಡ, ಮರಾಠಿ, ತೆಲುಗು, ಹಿಂದಿ ನಾಲ್ಕೂ ಇಲ್ಲಿ ದಿನಬಳಕೆಯವು. ಸೊಲ್ಲಾಪುರದಲ್ಲೋ ಕಲಬುರಗಿಯಲ್ಲೋ ಮನಃಶಾಸ್ತ್ರ ಓದುತ್ತಿರುವ ಗಡಿನಾಡ ವಿದ್ಯಾರ್ಥಿಗಳು ದಯವಿಟ್ಟು ಅಂಗೈ ಬೆವರಿನ ಪ್ರಯೋಗವನ್ನು ಇಲ್ಲಿ ಕೈಗೆತ್ತಿಕೊಳ್ಳಲಿ. ಚರ್ಮದ ಸ್ಪಂದನ ಅಳೆಯುವ ಉಪಕರಣಕ್ಕೆ ಎಂಆರ್‌ಐ ಯಂತ್ರದಷ್ಟು ಖರ್ಚಿಲ್ಲ, ಮತ್ತು ಅಜ್ಜಿಯಂದಿರು ಬೇಡ ಎನ್ನಲಾರರು.